ಗೋಡೆಯ ಕಡೆ ತಿರುಗಿ ಕೂತ ತರಗತಿ

ಜೂನ್ 18

ಪ್ರೀತಿಯ ಅಪ್ಪ,

ನಾನಿಲ್ಲಿ ಚೆನ್ನಾಗಿದ್ದೀನಿ. ನೀವಲ್ಲಿ ಚೆನ್ನಾಗಿದ್ದೀರಿ ಅಂತ ಅಮ್ಮ ಫೋನಿನಲ್ಲಿ ದಿನಾ ಹೇಳ್ತಾಳೆ. ಹೇಳೋ ಧಾಟಿ ನೋಡಿದರೆ ಅರ್ಧ ಮಾತ್ರ ನಂಬಬೇಕು ಅನಿಸುತ್ತೆ. ಸ್ಪೀಕರ್ ಹಾಕ್ತಾಳಂತೆ, ನೀವು ಪಕ್ಕದಲ್ಲೇ ಕೂತು ಕೇಳ್ತೀರಂತೆ, ಆದರೆ ಬಾಯಿ ಬಿಡಲ್ಲವಂತೆ. ಸ್ಟ್ರೋಕ್ ಆದಮೇಲೆ ಮಾತು ತೊದಲುತ್ತೆ, ಅದು ನಿಮಗೆ ಸೇರಲ್ಲ. ಆಯ್ತು. ಎಡಗೈ ಗಟ್ಟಿಯಾಗೇ ಇದೆಯಲ್ಲ? ಇನ್ನು ಮೇಲೆ ಫೋನು ಅಮ್ಮನಿಗೆ, ಪತ್ರ ನಿಮಗೆ. ನಿಮ್ಮ ಅಕ್ಷರ ಕೋಳಿ ಕೆದಕಿದ ಹಾಗಿದ್ದರೂ ಚಿಂತೆಯಿಲ್ಲ. ನಾನು ಮೂರನೇ ಕ್ಲಾಸಿನ ಟೀಚರ್, ಎಂಥ ಅಕ್ಷರವನ್ನಾದರೂ ಓದ್ತೀನಿ.

ಹೊಸ ಊರು, ಹೊಸ ಸ್ಕೂಲು ಎರಡೂ ಒಗ್ಗುತ್ತಿವೆ. ನನ್ನ ಕ್ಲಾಸು ಮಹಡಿಯ ಮೇಲಿದೆ. ಹಿಂದಿನ ಗೋಡೆಗೆ ಹಸಿರು ಬಣ್ಣ, ಅದರ ಮೇಲೆ ಹಳೇ ಟೇಪಿನ ಕಲೆಗಳು. ಮಕ್ಕಳು ಒಳ್ಳೆಯವರು, ಅತಿ ಒಳ್ಳೆಯವರು. ಪಾಠ ಮುಗಿಸಿ "ಅರ್ಥ ಆಯ್ತಾ?" ಅಂತ ಕೇಳಿದರೆ ಸಾಕು, "ಆಯ್ತು ಮಿಸ್" ಅಂತ ಸೂರು ಹಾರಿಹೋಗೋ ಹಾಗೆ ಕೂಗ್ತಾರೆ. ಮಾರನೇ ದಿನ ಲೆಕ್ಕ ಕೊಟ್ಟರೆ ಅರ್ಧ ಜನ ಪೆನ್ಸಿಲ್ ಕಚ್ಚುತ್ತಾ ಕೂತಿರ್ತಾರೆ.

ಹಾಗಾಗಿ ಕೇಳೋ ರೀತಿ ಬದಲಾಯಿಸಿದೆ. ಎಲ್ಲರೂ ಕಣ್ಣು ಮುಚ್ಚಬೇಕು. ಮುಷ್ಟಿಯನ್ನ ಎದೆಗೆ ಒತ್ತಿ ಹಿಡೀಬೇಕು. ಏನೂ ಗೊತ್ತಾಗಲಿಲ್ಲ ಅಂದರೆ ಮುಷ್ಟಿ ಹಾಗೇ ಇರಲಿ. ಬೇರೆಯವರಿಗೂ ಹೇಳಿಕೊಡ್ತೀನಿ ಅನ್ನೋಷ್ಟು ಧೈರ್ಯ ಇದ್ದರೆ ಐದು ಬೆರಳು. ನಡುವೆ ಎಲ್ಲಿದ್ದೀರೋ ಅಷ್ಟು ಬೆರಳು. ನೋಡೋದು ನಾನೊಬ್ಬಳೇ.

ಅಪ್ಪ, ಮೊದಲ ದಿನ ಕ್ಲಾಸಿನ ಮುಂದೆ ನಿಂತು ಆ ಪುಟ್ಟ ಕೈಗಳನ್ನ ಒಂದೊಂದಾಗಿ ನೋಡ್ತಾ ಹೋದೆ. ಬಾಯಲ್ಲಿ "ಆಯ್ತು" ಅಂದವರ ಬೆರಳು ಬೇರೇನೋ ಹೇಳ್ತಿದ್ದವು. ಇಬ್ಬರ ವಿಷಯ ಮಾತ್ರ ಹೇಳ್ತೀನಿ. ಒಬ್ಬನಿಗೆ ಕ್ಲಾಸಲ್ಲಿ ಎಲ್ಲರೂ ಪಟಾಕಿ ಅಂತಾರೆ. ಕೇಳೋಕೆ ಮುಂಚೆ ಕೈ ಎತ್ತುತ್ತಾನೆ, ಎತ್ತೋಕೆ ಮುಂಚೆ ಉತ್ತರ ಕೂಗ್ತಾನೆ. ಅವನದು ಯಾವತ್ತೂ ಐದು. ಇನ್ನೊಬ್ಬಳು ಕಿಟಕಿ ಪಕ್ಕದಲ್ಲಿ ಕೂರೋ ಹುಡುಗಿ. ಬರವಣಿಗೆಯಲ್ಲಿ ಒಂದು ತಪ್ಪಿಲ್ಲ. ಬಾಯಿ ಮಾತ್ರ ತೆರೆಯಲ್ಲ. ಎಲ್ಲರ ಮುಂದೆ ಓದೋಕೆ ಎಷ್ಟು ಅಂದರೆ ಅವಳು ಒಂದೇ ಬೆರಳು ತೋರಿಸಿದಳು. ಅದೂ ಪೂರ್ತಿ ನೆಟ್ಟಗಿರಲಿಲ್ಲ.

ಏನು ಮಾಡಲಿ, ಹೇಳಿ.

ನಿಮ್ಮ
ಮಗಳು


ಜುಲೈ 1

ಪುಟ್ಟಿ,

ಎಡಗೈ ಅಕ್ಷರ. ಬೈಕೊಳ್ಳದೆ ಓದು.

ಬೆರಳಿನ ಉಪಾಯ ಭೇಷ್. ಮಾರುಕಟ್ಟೆಯಲ್ಲಿ ಇಷ್ಟು ವರ್ಷ ತರಕಾರಿ ಹರಾಜು ಕೂಗಿದವನಿಗೆ ಬೆರಳ ಭಾಷೆ ಹೊಸದಲ್ಲ. ಆದರೆ ಅಲ್ಲಿ ಎಲ್ಲರೂ ಕಣ್ಣು ಬಿಟ್ಟುಕೊಂಡೇ ಇರ್ತಿದ್ದರು, ಪಕ್ಕದವನು ಎಷ್ಟು ಎತ್ತಿದ ಅಂತ ನೋಡೋಕೆ. ಕಣ್ಣು ಮುಚ್ಚಿಸೋದು ನಿನಗೆ ಹೊಳೀತಲ್ಲ, ಅದೇ ದೊಡ್ಡದು.

ಕಿಟಕಿ ಹುಡುಗಿಗೆ ನನ್ನ ಸಲಹೆ ಕೇಳು. ಮೂಲೆಯಲ್ಲಿ ಸುಮ್ಮನೆ ನಿಂತ ವ್ಯಾಪಾರಿಯನ್ನ ನಾನು ಹೆಸರು ಹಿಡಿದು ಕರೆದು, ಎಲ್ಲರ ಮುಂದೆ ಹೊಗಳಿ, ಮುಂದಕ್ಕೆ ಎಳೀತಿದ್ದೆ. ಆಮೇಲೆ ಅವನ ಬಾಯಿ ಮುಚ್ಚಿಸೋದೇ ಕಷ್ಟ ಆಗ್ತಿತ್ತು. ನೀನೂ ಹಾಗೇ ಮಾಡು. ಅವಳನ್ನ ಮುಂದೆ ನಿಲ್ಲಿಸು. ಜೋರಾಗಿ ಹೊಗಳು. ತಾನಾಗೇ ಬಾಯಿ ಬರುತ್ತೆ.

ನಾನು ಆರಾಮಾಗಿದ್ದೀನಿ. ನಿಮ್ಮಮ್ಮ ಗಂಜಿ ಗಂಜಿ ಅಂತ ನನ್ನನ್ನ ಮಗು ಮಾಡಿಟ್ಟಿದ್ದಾಳೆ.

ನಿನ್ನ
ಅಪ್ಪ


ಜುಲೈ 16

ಪ್ರೀತಿಯ ಅಪ್ಪ,

ನಿಮ್ಮ ಸಲಹೆ ಮಣ್ಣು ಮುಕ್ಕಿತು. ಬೇಜಾರು ಮಾಡಿಕೊಳ್ಳಬೇಡಿ.

ಕಿಟಕಿ ಹುಡುಗಿಯನ್ನ ಮುಂದೆ ಕರೆದೆ. ಅವಳ ಪುಸ್ತಕ ಎತ್ತಿ ಹಿಡಿದು "ನೋಡಿ, ಎಷ್ಟು ಚೆನ್ನಾಗಿ ಬರೆದಿದ್ದಾಳೆ, ಎಲ್ಲರೂ ಚಪ್ಪಾಳೆ ತಟ್ಟಿ" ಅಂದೆ. ಚಪ್ಪಾಳೆ ಮುಗಿಯೋದರೊಳಗೆ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಇಲ್ಲ. ಅವಳ ಅಜ್ಜಿ ಬಂದು, "ಹೊಟ್ಟೆನೋವು ಅಂತಾಳೆ, ಆದರೆ ಊಟ ಚೆನ್ನಾಗೇ ಮಾಡ್ತಾಳೆ" ಅಂತ ಹೇಳಿ ಹೋದರು.

ಅವಳು ವಾಪಸ್ ಬಂದ ದಿನ ಆಟದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತೆ. ಇಬ್ಬರೂ ಕಿಟಕಿಯಿಂದ ಆಚೆ ಸೈಕಲ್ ರಿಪೇರಿ ಅಂಗಡಿ ನೋಡ್ತಾ ಇದ್ದೆವು. ನಾನು ಹೊಗಳಲಿಲ್ಲ. "ನಿನ್ನದು ಒಂದು ಬೆರಳು ಅಂದಿದ್ದೆ. ಎರಡನೇ ಬೆರಳು ಎತ್ತೋಕೆ ಏನು ಬೇಕು?" ಅಂತ ಕೇಳಿದೆ. ಅಂಗಡಿಯವನು ಒಂದು ಟೈರಿಗೆ ಗಾಳಿ ಹಾಕಿ ಮುಗಿಸಿದ. ಆಮೇಲೆ ಮೆಲ್ಲಗೆ ಹೇಳಿದಳು:

"ನಂಗೆ ಓದೋಕೆ ಬರುತ್ತೆ ಮಿಸ್. ಎಲ್ಲರೂ ನನ್ನ ಮುಖ ನೋಡ್ತಾರಲ್ಲ, ಆವಾಗ ಅಕ್ಷರ ಓಡಿಹೋಗುತ್ತೆ."

ಎಂಟು ವರ್ಷದ ಮಗು ತನ್ನ ಭಯವನ್ನ ಇಷ್ಟು ನಿಖರವಾಗಿ ಹೇಳೋದನ್ನ ನಾನು ಕೇಳಿಯೇ ಇರಲಿಲ್ಲ. "ಹಾಗಾದರೆ ಯಾರೂ ನೋಡದೆ ಇದ್ದರೆ?" ಅಂದೆ. "ಆವಾಗ ಎರಡು" ಅಂದಳು.

ನೆನ್ನೆ ಇಡೀ ಕ್ಲಾಸನ್ನ ಹಸಿರು ಗೋಡೆಯ ಕಡೆ ತಿರುಗಿಸಿ ಕೂರಿಸಿದೆ. ಯಾಕೆ ಅಂತ ಮುಚ್ಚಿಡಲಿಲ್ಲ, ಅವಳನ್ನ ಕೇಳಿಯೇ ಹೇಳಿದೆ. ನಗ್ತಾರೇನೋ ಅಂತ ನನಗೆ ಹೆದರಿಕೆ ಇತ್ತು. ಒಬ್ಬರೂ ನಗಲಿಲ್ಲ. ಪಟಾಕಿಯಂತೂ ಕಣ್ಣನ್ನೂ ಮುಚ್ಚಿಕೊಂಡ, ಡಬಲ್ ಗ್ಯಾರಂಟಿ ಇರಲಿ ಅಂತ. ಅವಳು ನಾಲ್ಕು ಸಾಲು ಓದಿದಳು. ದನಿ ಸಣ್ಣದು, ಆದರೆ ಒಂದಕ್ಷರ ತಡವರಿಸಲಿಲ್ಲ.

ಈಗ ಶುಕ್ರವಾರ ಕೊನೇ ಪೀರಿಯಡ್ಡಿನಲ್ಲಿ ಎಲ್ಲರೂ ನೆಲದ ಮೇಲೆ ದುಂಡಗೆ ಕೂತು, ಈ ವಾರ ಧೈರ್ಯ ಯಾವಾಗ ಬಂತು, ಯಾವಾಗ ಹೋಯ್ತು ಅಂತ ಹೇಳಬೇಕು. "ಬೋರ್ಡಿನ ತನಕ ಇತ್ತು ಮಿಸ್, ಚಾಕ್ ಹಿಡಿದ ಕೂಡಲೇ ಹೋಯ್ತು" ಅಂದ ಒಬ್ಬ. "ಉತ್ತರ ಹೊಟ್ಟೆಯಲ್ಲಿತ್ತು, ಬಾಯಿಗೆ ಬರೋಷ್ಟರಲ್ಲಿ ಪಕ್ಕದವಳು ಹೇಳಿಬಿಟ್ಟಳು" ಅಂದಳು ಇನ್ನೊಬ್ಬಳು. ನಾನು ಕಲಿಸ್ತಿದ್ದೀನಾ, ಕಲೀತಿದ್ದೀನಾ ಗೊತ್ತಾಗ್ತಿಲ್ಲ.

ಮಾತಾಡೋ ವಿಷಯದಲ್ಲಿ ನಿಮ್ಮದು ಎಷ್ಟು ಬೆರಳು, ಅಪ್ಪ?

ನಿಮ್ಮ
ಮಗಳು


ಜುಲೈ 29

ಪುಟ್ಟಿ,

ಆ ಮಗು ಅತ್ತಿದ್ದು ಓದಿ ಊಟ ಸೇರಲಿಲ್ಲ. ಇನ್ನು ಮೇಲೆ ನನ್ನ ಸಲಹೆಗಳನ್ನ ಬದನೆಕಾಯಿ ಮಾರೋಕೆ ಮಾತ್ರ ಇಟ್ಟುಕೊಳ್ತೀನಿ.

ಗೋಡೆಯ ಕಡೆ ತಿರುಗಿಸಿದೆಯಲ್ಲ, ನಾನಾಗಿದ್ದರೆ ಸಾವಿರ ವರ್ಷ ಕೂತರೂ ಹೊಳೀತಿರಲಿಲ್ಲ. ನನ್ನ ಮಗಳು ನನಗಿಂತ ದೊಡ್ಡವಳಾದಳು ಅಂತ ನಿಮ್ಮಮ್ಮನಿಗೆ ಚೀಟಿ ಬರೆದು ತೋರಿಸಿದೆ. ಅದು ನಂಗೆ ಯಾವಾಗಲೋ ಗೊತ್ತು ಅಂದಳು.

ಆ ಪಟಾಕಿ ಬಗ್ಗೆ ಹೇಳು. ಅವನದು ಯಾವಾಗಲೂ ಐದೇನಾ? ಒಂದು ಸಲವೂ ಕಮ್ಮಿ ಇಲ್ಲವಾ? ಅವನ ಮೇಲೂ ಒಂದು ಕಣ್ಣಿರಲಿ.

ನನ್ನ ಬೆರಳುಗಳಿಗೆ ವ್ಯಾಯಾಮ ಹೇಳಿದ್ದಾರೆ. ಚೆಂಡು ಹಿಸುಕ್ತಾ ಇರ್ತೀನಿ.

ಅಪ್ಪ


ಆಗಸ್ಟ್ 12

ಮಗಳೇ,

ನಾನು ಬರೆದಿದ್ದು ನಿಮ್ಮಪ್ಪನಿಗೆ ಗೊತ್ತಿಲ್ಲ. ಫೋನಲ್ಲಿ ಹೇಳೋಣ ಅಂದರೆ ಪಕ್ಕದಲ್ಲೇ ಕೂತಿರ್ತಾರೆ.

ನಿನಗೆ ಅವರು ಬರೆಯೋದು ಓದಿದರೆ ಮನೆಯಲ್ಲಿ ನಕ್ಕೊಂಡು ಓಡಾಡ್ತಿದ್ದಾರೆ ಅನಿಸುತ್ತೆ, ಅಲ್ವಾ? ಹಾಗಿಲ್ಲ ಕಣೆ. ಆಸ್ಪತ್ರೆಯಿಂದ ಬಂದಮೇಲೆ ನನ್ನ ಹತ್ತಿರ ಒಂದು ಮಾತಾಡಿಲ್ಲ. ನೀರು ಬೇಕಾದರೂ ಚೀಟಿ. ಬೀದಿಯ ಆ ತುದಿಯಲ್ಲಿ ಇವರು ಕೆಮ್ಮಿದರೆ ಈ ತುದಿಯಲ್ಲಿ ನಾನು ಒಲೆ ಹೊತ್ತಿಸ್ತಿದ್ದೆ, ಅಂಥ ಗಂಟಲು. ಈಗ ಮನೆಯಲ್ಲಿ ಗಡಿಯಾರದ ಸದ್ದು ಕೇಳುತ್ತೆ.

ಮಾತಿನ ಅಭ್ಯಾಸ ಮಾಡಿಸೋಕೆ ಒಬ್ಬಳು ಹುಡುಗಿ ಬರ್ತಾಳೆ, ಡಾಕ್ಟರೇ ಕಳಿಸಿದ್ದು, ಪಾಪ ಎಷ್ಟು ತಾಳ್ಮೆ. ಅವಳು ಬಾಗಿಲು ತಟ್ಟಿದ ಕೂಡಲೇ ಇವರು ನಿದ್ದೆ ಬಂದವರ ಹಾಗೆ ಮಲಗಿಬಿಡ್ತಾರೆ. ಗೊರಕೆ ಕೂಡ ಹೊಡೀತಾರೆ. ಸುಳ್ಳು ಗೊರಕೆ ನನಗೆ ಗೊತ್ತಾಗಲ್ವಾ? ಹೋದ ವಾರ ಮಾರುಕಟ್ಟೆಯಿಂದ ಅವರ ಹಳೇ ಸ್ನೇಹಿತ ಬಂದಿದ್ದರು. ಈಗ ಇವರ ಜಾಗದಲ್ಲಿ ಹರಾಜು ಕೂಗೋದು ಅವರೇ. ಇವರು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಅವರು ಹೋಗೋ ತನಕ ಆಚೆ ಬರಲಿಲ್ಲ. ನಾನು ಕಾಫಿ ಕೊಟ್ಟು ಏನೇನೋ ಹೇಳಿ ಕಳಿಸಿದೆ.

ಆ ಹುಡುಗಿ ನೆನ್ನೆ ಹೊರಗೆ ನಿಂತು ಹೇಳಿದಳು, "ಅಮ್ಮಾ, ಈ ಕೆಲವು ತಿಂಗಳು ಬಹಳ ಮುಖ್ಯ. ಈಗ ನಾಲಿಗೆ ಆಡಿಸದಿದ್ದರೆ ಆಮೇಲೆ ಎಷ್ಟು ಕಷ್ಟಪಟ್ಟರೂ ಇಷ್ಟು ಸುಲಭ ಆಗಲ್ಲ" ಅಂತ.

ನಾನು ಹೇಳಿದರೆ ಕೇಳಲ್ಲ. ನಿನ್ನ ಪತ್ರ ಬಂದ ದಿನ ಮಾತ್ರ ಮುಖದಲ್ಲಿ ಕಳೆ ಇರುತ್ತೆ. ಬರೀತಾ ಇರು. ನಾನು ಹೇಳಿದೆ ಅಂತ ಬರೀಬೇಡ.

ಅಮ್ಮ


ಸೆಪ್ಟೆಂಬರ್ 3

ಪ್ರೀತಿಯ ಅಪ್ಪ,

ಪಟಾಕಿಯ ಬಗ್ಗೆ ಕೇಳಿದ್ದಿರಲ್ಲ. ಕೇಳಿ.

ನೀವು ಬರೆದಮೇಲೆ ಅವನ ಕೈಯನ್ನ ಬೇರೆ ಥರ ನೋಡೋಕೆ ಶುರುಮಾಡಿದೆ. ಐದು ಬೆರಳು ಸರಿಯೇ, ಆದರೆ ಗಟ್ಟಿಯಾಗಿ ಹರಡಿಕೊಂಡಿರುತ್ತೆ, ಯಾರಾದರೂ ಕಿತ್ತುಕೊಳ್ತಾರೇನೋ ಅನ್ನೋ ಹಾಗೆ. ನಾನೇನೂ ಕೇಳಲಿಲ್ಲ. ಶುಕ್ರವಾರದ ದುಂಡು ಕೂಟದಲ್ಲಿ ಮೊದಲು ನಾನೇ ಹೇಳಿದೆ: ನನಗೆ ಚಿತ್ರ ಬರೆಯೋಕೆ ಬರಲ್ಲ, ಬೋರ್ಡಿನ ಮೇಲೆ ಹಸು ಬರೆಯೋವಾಗ ನನ್ನದು ಒಂದೇ ಬೆರಳು ಅಂತ. "ಅದು ಹಸುವಾ ಮಿಸ್? ನಾವು ಮಂಚ ಅಂದುಕೊಂಡಿದ್ವಿ" ಅಂದರು. ಸರಿ, ನಕ್ಕೆವು.

ಆಮೇಲಿನ ವಾರ ಕಳೆಯೋ ಲೆಕ್ಕ ಮಾಡಿಸಿ ಕಣ್ಣು ಮುಚ್ಚಿಸಿದೆ. ಪಟಾಕಿಯ ಕೈ ಎದೆಯ ಮೇಲೆ ಬಂತು. ಐದು. ಹಾಗೇ ಇತ್ತು. ಆಮೇಲೆ ಒಂದು ಬೆರಳು ಮಡಿಚಿತು. ಇನ್ನೊಂದು. ಮತ್ತೊಂದು. ಎರಡು ಉಳಿದವು. ಅವನ ಮುಚ್ಚಿದ ಕಣ್ಣು ಬಿಗಿಯಾಗಿ ಸುಕ್ಕುಗಟ್ಟಿತ್ತು, ಇಂಜೆಕ್ಷನ್ ಚುಚ್ಚೋವಾಗ ಮಕ್ಕಳು ಮಾಡ್ತಾರಲ್ಲ, ಹಾಗೆ.

ಅಷ್ಟಕ್ಕೇ ನಿಲ್ಲಲಿಲ್ಲ. ಶುಕ್ರವಾರ ತನ್ನ ಸರದಿ ಬಂದಾಗ ಎಲ್ಲರ ಮುಂದೆ ಹೇಳಿದ: "ದಶಕ ತಗೊಂಡು ಕಳೆಯೋದು ನಂಗೆ ಯಾವತ್ತೂ ಬಂದಿಲ್ಲ. ಜೋರಾಗಿ ಮಾತಾಡ್ತಿದ್ದರೆ ಯಾರೂ ಕೇಳಲ್ಲ ಅಂತ ಜೋರಾಗಿ ಮಾತಾಡ್ತಿದ್ದೆ." ಆಮೇಲೆ ಯಾರೋ, "ನಂಗೂ ಬರಲ್ಲ" ಅಂದರು. ಇನ್ನೊಬ್ಬರು "ನಂಗೂ" ಅಂದರು. ಸೋಮವಾರದಿಂದ ಆ ಪಾಠ ಮತ್ತೆ ಮೊದಲಿಂದ ಮಾಡ್ತಿದ್ದೀನಿ. ಅವನು ಆಗಲೇ ಮೂರಕ್ಕೆ ಬಂದಿದ್ದಾನೆ. ನಿಜವಾದ ಮೂರು.

ಎಷ್ಟೋ ಧೈರ್ಯವಂತರ ಬಗ್ಗೆ ಓದಿದ್ದೀನಪ್ಪ. ಐದು ತೋರಿಸಿಕೊಂಡೇ ಬಂದವನು ಎರಡಕ್ಕೆ ಇಳಿಯೋದನ್ನ ಕಣ್ಣಾರೆ ಕಂಡಿದ್ದು ಇದೇ ಮೊದಲು.

ಇನ್ನೊಂದು ತಮಾಷೆ. ಕಿಟಕಿ ಹುಡುಗಿ ಓದೋ ಹೊತ್ತಿಗೆ ಸರಿಯಾಗಿ ಹೆಡ್ ಮಿಸ್ ಒಳಗೆ ಬಂದರು. ಇಡೀ ಕ್ಲಾಸು ಬೆನ್ನು ಹಾಕಿ ಗೋಡೆ ನೋಡ್ತಾ ಕೂತಿದೆ. "ಇದೇನು, ಎಲ್ಲರಿಗೂ ಒಟ್ಟಿಗೇ ಶಿಕ್ಷೆಯಾ?" ಅಂದರು. ಹಿಂದಿನ ಬೆಂಚಿನ ಪುಟಾಣಿಯೊಬ್ಬಳು ತಿರುಗದೇನೇ, "ಶ್, ಅವಳು ಓದ್ತಿದ್ದಾಳೆ, ನೀವೂ ತಿರುಗಿ" ಅಂದಳು. ನನ್ನ ಕೆಲಸ ಹೋಯ್ತು ಅಂದುಕೊಂಡೆ. ಹೆಡ್ ಮಿಸ್ ನನ್ನ ಮುಖ ನೋಡಿದರು, ಕಿಟಕಿ ಹುಡುಗಿಯ ಮುಖ ನೋಡಿದರು, ಆಮೇಲೆ ಕನ್ನಡಕ ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿ ನಿಂತರು. ಪುಟ ಮುಗಿಯೋ ತನಕ ಅಲ್ಲಾಡಲಿಲ್ಲ.

ನಿಮ್ಮ
ಮಗಳು


ಅಕ್ಟೋಬರ್ 6

ಪ್ರೀತಿಯ ಅಪ್ಪ,

ನಾನು ಬರೆದು ಒಂದು ತಿಂಗಳಾಯ್ತು, ನಿಮ್ಮ ಪತ್ರ ಇಲ್ಲ. ಯಾಕೆ ಅಂತ ಕೇಳಲ್ಲ. ಸುದ್ದಿ ಹೇಳಿ ಮುಗಿಸ್ತೀನಿ.

ಕಿಟಕಿ ಹುಡುಗಿಗೆ ಹೇಳಿದ್ದೆ: ಯಾರಾದರೂ ಒಬ್ಬರು ನಿನ್ನ ಕಡೆ ತಿರುಗಿ ಕೂರಬಹುದು ಅನಿಸಿದ ದಿನ ನೀನೇ ಆರಿಸು, ಅವಸರ ಇಲ್ಲ ಅಂತ. ನೆನ್ನೆ ಆರಿಸಿದಳು. ಅವಳ ಜೊತೆಗಾತಿಯನ್ನ ಕರೀತಾಳೆ ಅಂದುಕೊಂಡಿದ್ದೆ. ಕರೆದಿದ್ದು ಪಟಾಕಿಯನ್ನ. ಇಡೀ ಸ್ಕೂಲಿನಲ್ಲೇ ಅತಿ ಹೆಚ್ಚು ಗಲಾಟೆ ಮಾಡೋನು ಬಾಯಿಗೆ ಬೀಗ ಹಾಕಿಕೊಂಡು, ಕೈಕಟ್ಟಿ, ಅವಳ ಎದುರು ಕೂತು ಪೂರ್ತಿ ಪಾಠ ಕೇಳಿದ.

ಆಮೇಲೆ ಕೇಳಿದೆ, ಅವನೇ ಯಾಕೆ ಅಂತ. "ತನಗೆ ಬರಲ್ಲ ಅಂತ ಅವನೇ ಹೇಳಿದನಲ್ಲ ಮಿಸ್. ಅವನು ನೋಡಿದರೆ ಏನೂ ಆಗಲ್ಲ" ಅಂದಳು.

ನಿಮ್ಮ
ಮಗಳು


ಅಕ್ಟೋಬರ್ 21

ಪುಟ್ಟಿ,

ನೀನು ಜುಲೈಯಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ನಾನು ಚೆಂಡಿನ ಕಥೆ ಹೇಳಿ ತಪ್ಪಿಸಿಕೊಂಡೆ. ಉತ್ತರ: ಒಂದೂ ಇಲ್ಲ. ಮುಷ್ಟಿ.

ಆ ಹುಡುಗನ ಬಗ್ಗೆ ನೀನು ಬರೆದ ಪತ್ರವನ್ನ ಮಡಿಕೆ ಹರಿಯೋ ತನಕ ಓದಿದ್ದೀನಿ. ಅವನ ಥರವೇ ನಾನೂ. ನನಗೆ ದನಿಯೊಂದೇ ಇತ್ತು. ಓದಿದವನಲ್ಲ, ರೂಪವಂತನಲ್ಲ. ಬೆಳಗ್ಗೆ ಮಾರುಕಟ್ಟೆಯಲ್ಲಿ ಬಾಯಿ ತೆರೆದರೆ ನೂರು ತಲೆ ಈ ಕಡೆ ತಿರುಗ್ತಿತ್ತು. ಅಷ್ಟೇ ನನ್ನ ಆಸ್ತಿ. ಆಸ್ಪತ್ರೆಯಲ್ಲಿ ಮೊದಲ ಸಲ ನಿಮ್ಮಮ್ಮನನ್ನ ಕರೆದೆ. ಬಾಯಿಂದ ಬಂದಿದ್ದು ಯಾರದೋ ದನಿ. ಎಂಜಲು ಸುರೀತು. ಅವಳು ಬಗ್ಗಿ "ಏನು?" ಅಂದಳು. ಎರಡನೇ ಸಲ ಹೇಳೋಕೆ ಆಗಲಿಲ್ಲ ನನ್ನಿಂದ. ಅವತ್ತೇ ನಿಲ್ಲಿಸಿದೆ.

ಮಾತು ಕಲಿಸೋ ಹುಡುಗಿ ಬಂದಾಗ ಮಲಗಿದ ಹಾಗೆ ನಟಿಸ್ತೀನಿ. ನಿಮ್ಮಮ್ಮನಿಗೆ ಗೊತ್ತಿಲ್ಲ.

ಇದನ್ನ ಬರೆಯೋಕೆ ನಾಲ್ಕು ದಿನ ಹಿಡೀತು. ಧೈರ್ಯ ಮಾಡೋಕೆ ಎರಡು ವಾರ ಹಿಡೀತು.

ಅಪ್ಪ


ನವೆಂಬರ್ 2

ಪ್ರೀತಿಯ ಅಪ್ಪ,

ಮುಷ್ಟಿ ತೋರಿಸಿದ ಮಕ್ಕಳಿಗೆ ನಾನು ಹೇಳೋದು ಇಷ್ಟೇ: "ಹೇಳಿದ್ದು ಒಳ್ಳೇದಾಯ್ತು, ಈಗ ನನಗೆ ಗೊತ್ತಾಯ್ತು." ನಿಮಗೂ ಅದನ್ನೇ ಹೇಳ್ತೀನಿ. ನಿಮ್ಮ ಪತ್ರ ಓದಿ, ಬಸ್ಸಿನಲ್ಲಿ ಇಳಿಯಬೇಕಾದ ಜಾಗ ಬಿಟ್ಟು ಎರಡು ಸ್ಟಾಪ್ ಮುಂದೆ ಇಳಿದೆ. ನಡ್ಕೊಂಡು ವಾಪಸ್ ಬರೋವಾಗ, ಇಂಥ ಅಪ್ಪ ನನಗಿದ್ದಾರಲ್ಲ ಅಂತ ಹೆಮ್ಮೆಯಾಯ್ತು.

ನಿಮ್ಮ ಹೆಸರಿಲ್ಲದೆ ಕ್ಲಾಸಲ್ಲಿ ಕೇಳಿದೆ: ದೊಡ್ಡವರೊಬ್ಬರು ಮಾತಾಡೋ ವಿಷಯದಲ್ಲಿ ಮುಷ್ಟಿ ತೋರಿಸಿದ್ದಾರೆ, ಏನು ಹೇಳೋಣ ಅಂತ. ಸಲಹೆಗಳ ಸುರಿಮಳೆ. ಬಕೆಟ್ ಒಳಗೆ ತಲೆ ಹಾಕಿ ಮಾತಾಡಲಿ, ಬೆಕ್ಕಿಗೆ ಮೊದಲು ಹೇಳಲಿ, ಹಾಡಿನ ಥರ ಹೇಳಲಿ. ಪಟಾಕಿ ಎದ್ದು, "ಅವರಿಗೆ ನನ್ನ ಕಡೆಯಿಂದ ಸಲಾಂ ಹೇಳಿ" ಅಂದ. ಕಿಟಕಿ ಹುಡುಗಿ ಕೈ ಎತ್ತಿದಳು. ತಾನಾಗಿ ಎತ್ತಿದ್ದು ಇದೇ ಮೊದಲು. "ಒಬ್ಬರು ಸಾಕು ಮಿಸ್. ಯಾರು ಅಂತ ಅವರೇ ಆರಿಸಲಿ" ಅಂದಳು.

ನಾನು ಸೇರಿಸೋದು ಏನೂ ಇಲ್ಲ.

ನಿಮ್ಮ
ಮಗಳು


ಡಿಸೆಂಬರ್ 9

ಪುಟ್ಟಿ,

ಈ ಪತ್ರ ನಾನು ಬರೀತಿಲ್ಲ. ಹೇಳ್ತಿದ್ದೀನಿ. ಬರೀತಿರೋಳು ನಿಮ್ಮಮ್ಮ.

(ಹೌದು ಕಣೆ, ನಾನೇ. ಬಾಯಲ್ಲಿ ಹೇಳ್ತಿದ್ದಾರೆ. ಒಂದು ಸಾಲಿಗೆ ಒಂದು ಲೋಟ ಕಾಫಿ ಆರುತ್ತೆ, ಆದರೂ ಹೇಳ್ತಿದ್ದಾರೆ.)

ಅಡ್ಡ ಬಾಯಿ ಹಾಕಬೇಡ, ಹೇಳಿದ್ದಷ್ಟು ಬರಿ ಅಂದೆ. ಅದನ್ನೂ ಬರೀತಿದ್ದಾಳೆ.

ಮೂರು ವಾರದ ಹಿಂದೆ ಶುರುಮಾಡಿದೆ. ಅಡುಗೆಮನೆಯಲ್ಲಿ ಅವಳು ಸೊಪ್ಪು ಬಿಡಿಸ್ತಾ ಕೂತಿದ್ದಳು. ಹೋಗಿ ಎದುರಿಗೆ ಕೂತೆ. ಅವಳಿಗೆ ತಿರುಗು ಅನ್ನಲಿಲ್ಲ. ಮುಖ ನೋಡಿಕೊಂಡೇ, ಉಪ್ಪು ಕಮ್ಮಿ ಹಾಕ್ತೀಯ ಅಂದೆ.

(ಐದು ತಿಂಗಳಾದಮೇಲೆ ಮೊದಲ ಮಾತು ಇದು. ಉಪ್ಪು ಕಮ್ಮಿಯಂತೆ. ನಾನು ಸೊಪ್ಪಿನ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಒಂದಷ್ಟು ಹೊತ್ತು ಅತ್ತು ಬಂದೆ. ಬಂದು, ಡಾಕ್ಟರು ಹೇಳಿದಷ್ಟೇ ಹಾಕೋದು ಅಂದೆ.)

ಮಾತಿನ ಹುಡುಗಿ ಬಂದರೆ ಈಗ ಎದ್ದು ಕೂರ್ತೀನಿ. ಅವಳು ಪ, ಬ, ಮ ಅನ್ನಿಸ್ತಾಳೆ, ಅಂತೀನಿ. ಮಾರುಕಟ್ಟೆಯ ಸ್ನೇಹಿತನನ್ನ ಕರೆಸಿದ್ದೆ. ಬಚ್ಚಲಿಗೆ ಓಡಲಿಲ್ಲ. ಅವನು ಹರಾಜು ಕೂಗೋವಾಗ ಉಸಿರು ಎಲ್ಲಿ ಎಳೀಬೇಕು ಅಂತ ಗೊತ್ತಿಲ್ಲದೆ ಸುಸ್ತಾಗ್ತಿದ್ದಾನೆ. ಹೇಳಿಕೊಟ್ಟೆ. ಅರ್ಧ ಗಂಟೆ ಹಿಡೀತು. ಅವನು ಗಡಿಯಾರ ನೋಡಲಿಲ್ಲ, ದೊಡ್ಡ ಮನಸ್ಸಿನವನು. ನಾನು ಇನ್ನು ಕೂಗೋಕೆ ಆಗಲ್ಲ, ಅದು ಗೊತ್ತು. ಗೊತ್ತಿದ್ದೂ ಅವತ್ತು ಚೆನ್ನಾಗಿ ನಿದ್ದೆ ಬಂತು.

ಈಗ ನನ್ನದು ಎರಡು ಬೆರಳು. ಕೆಲವು ದಿನ ಒಂದೂವರೆ. ಪಟಾಕಿಗೆ ಹೇಳು, ಅವನ ಸಲಾಂ ತಲುಪಿತು ಅಂತ. ಆ ಕಿಟಕಿ ಮಗುವಿಗೆ ಏನು ಹೇಳಬೇಕೋ ನನಗೆ ತಿಳೀತಿಲ್ಲ. ನಿನಗೇ ತಿಳಿಯುತ್ತೆ, ನೀನೇ ಹೇಳು.

ಸಾಕು, ನಾಲಿಗೆ ದಣೀತು. ರಜೆಗೆ ಬಾ. ಕೂತು ಮಾತಾಡೋಣ.

ಅಪ್ಪ

(ಆ ಕೊನೇ ಮಾತು ಮೊದಲ ಸಲ ಹೇಳಿದಾಗ ಸರಿಯಾಗಿ ತಿಳೀಲಿಲ್ಲ. "ಏನಂದ್ರಿ?" ಅಂದೆ. ಆಸ್ಪತ್ರೆಯಲ್ಲಿ ಕೇಳಿದ ಹಾಗೇ ಆಯ್ತಲ್ಲ ಅಂತ ಪೆನ್ನು ಕೆಳಗಿಟ್ಟೆ. ಇವರು ಒಂದು ಚೂರೂ ಸಿಡುಕದೆ ಮತ್ತೆ ಹೇಳಿದರು. ಮೂರನೇ ಸಲವೂ ಕೇಳಿದೆ, ಮೂರನೇ ಸಲವೂ ಹೇಳಿದರು. ನನಗೆ ಎರಡನೇ ಸಲಕ್ಕೇ ಅರ್ಥ ಆಗಿತ್ತು. — ಅಮ್ಮ)